ಮಾಂಡಲಿಕ ಮೇಘಕೇತುವಿನ ವಂಶಾವಳಿ

ನಾನು ನನ್ನ ವಂಶಾವಳಿ ಹೇಳಲು ನಿಂತ ದಿನ, ಮೂಡುತ್ತಿದ್ದ ಸೂರ್ಯ ಅರ್ಧಕ್ಕೇ ತಡೆದು ನಿಂತ. ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಗೆ, “ತಡೀ ತಂಗಿ, ದುರ್ಗಪ್ಪನ ಮಾತು ಮುಗೀಲಿ, ಆಮ್ಯಾಲೆ ಕೂಡೂಣು,” ಅಂದಳು. ಬಿಸಿಲೇರುವ ತನಕ ಎರಡೂ ಹೊಳೆಗಳು ಹರಿಯಲಿಲ್ಲ. ಮೀನು ಹಿಡಿಯುವವರು ಬಲೆ ಬದಿಗಿಟ್ಟು, ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ನಿಂತ ನೀರಿನಿಂದ ಮೀನು ಆರಿಸಿಕೊಂಡರು. ಇತ್ತ ಬಾದಾಮಿಯ ಗುಡ್ಡದ ಮಂಗಗಳು ಒಂದರ ತಲೆಯ ಹೇನು ಇನ್ನೊಂದು ಹೆಕ್ಕುವುದನ್ನು ಬಿಟ್ಟು ಕೈಕಟ್ಟಿ ಕೂತವು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾನು ನೇಯುವ ಮಗ್ಗದ ಲಾಳಿ ಮುರಿದು ಬೀಳಲಿ.

ಲಾಳಿ ಮುರಿದರೆ ನನಗೇನೂ ಲುಕ್ಸಾನಿಲ್ಲ. ಮಗ್ಗವೂ ಸುಭಾನಸಾಬರದು, ಲಾಳಿಯೂ ಅವರದು.

ಸುಭಾನಸಾಬರ ಮಗ್ಗದ ಮನೆ ಇರುವುದು ಇಳಕಲ್ಲಿನ ಪೇಟೆಯ ಹಿಂದಿನ ಓಣಿಯಲ್ಲಿ. ಅಲ್ಲಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಅಲ್ಲಿಂದ ಹೋದ ಸೀರೆಯ ಸೆರಗನ್ನು ಕಿವಿಗೆ ಹಿಡಿದರೆ ನನ್ನ ದನಿ ಕೇಳುತ್ತದೆ. ಕಥೆ ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ನೇಯ್ಗೆ ಗಟ್ಟಿ ಬರುತ್ತದೆ. ಅದಕ್ಕೇ ಸುಭಾನಸಾಬರು ಬಾಯಿ ಮುಚ್ಚು ಅನ್ನುವುದಿಲ್ಲ.

ಎಂಬತ್ತಾರನೆಯ ಇಸವಿಯ ಆ ಮಧ್ಯಾಹ್ನವೂ ಹೀಗೇ ಶುರು ಮಾಡಿದ್ದೆ.

“ಹ್ವಾದ ಸಲ ಸೂರ್ಯ ಒಂದ ತಾಸು ನಿಂತಿದ್ದ,” ಅಂದರು ಸುಭಾನಸಾಬರು, ನೂಲಿನ ಲಡಿ ಬಿಡಿಸುತ್ತ. “ಈ ಸಲ ಎಷ್ಟಪಾ?”

“ಮೂರು.”

“ಖರೆ ಐತಿ ಬಿಡು. ಎಲ್ಲಾದ್ರ ಬೆಲಿನೂ ಏರೇತಿ.”

ಉಳಿದ ಮಗ್ಗದವರು ನಕ್ಕರು. ನಗಲಿ. ನಕ್ಕವರನ್ನು ನಾನು ಭಾಳ ನೋಡಿದ್ದೇನೆ. ಒಂದಿಡೀ ಚಾವಡಿ ನಕ್ಕದ್ದನ್ನು ನೋಡಿದ್ದೇನೆ, ಅದನ್ನೇ ಹೇಳಲಿಕ್ಕೆ ಹೊರಟಿದ್ದು.

ನಮ್ಮೂರು ಕಮತಗಿಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುತ್ತದೆ. ಸುತ್ತಿನ ಊರುಗಳಲ್ಲೆಲ್ಲ ದೊಡ್ಡಾಟ ಅಂದರೆ ರಾಮ, ರಾವಣ, ಪಾಂಡವರು. ನಮ್ಮೂರಿನದು ಮಾತ್ರ ಯಾವ ಪುರಾಣದಲ್ಲೂ ಇಲ್ಲದ ಆಟ. ಆಟ ನಡೆಸುವ ನಮ್ಮ ಸಾರಥಿ ರಾಚಯ್ಯ ಮಾಸ್ತರರ ಅಜ್ಜ ಅದನ್ನು ತಲೆಯಿಂದಲೇ ಕಟ್ಟಿದ್ದಂತೆ. ಹವಳಗಿರಿ ಅನ್ನುವ ಒಂದು ಲೋಕ. ಅಲ್ಲಿ ಹೊಳೆಗಳು ಗುಡ್ಡ ಹತ್ತುತ್ತವೆ, ಕುದುರೆಗಳು ಕೆಂಡ ಮೇಯುತ್ತವೆ, ಎರಡು ಚಂದ್ರರಿದ್ದು ಒಂದಕ್ಕೆ ಹುಣ್ಣಿಮೆಯಾದಾಗ ಇನ್ನೊಂದಕ್ಕೆ ಅಮಾಸಿ. ಅಲ್ಲಿಯ ಅರಸರು ಸತ್ತರೆ ಅವರನ್ನು ಸುಡುವುದೂ ಇಲ್ಲ, ಹೂಳುವುದೂ ಇಲ್ಲ. ಅವರು ಹವಳದ ಕಲ್ಲಾಗಿ ಗುಡ್ಡಕ್ಕೆ ಅಂಟಿಕೊಳ್ಳುತ್ತಾರೆ. ಅಪ್ಪನ ಮೇಲೆ ಮಗ, ಮಗನ ಮೇಲೆ ಮೊಮ್ಮಗ, ಹೀಗೆ ಗುಡ್ಡವೇ ಅವರ ವಂಶಾವಳಿ. ಬೇಕಾದವರು ಗುಡ್ಡಕ್ಕೆ ಕೈಯಿಟ್ಟು, “ಇವ ನಮ್ಮಜ್ಜ, ಇವ ನಮ್ಮ ಮುತ್ಯಾ,” ಅಂತ ಸವರಬಹುದು.

ಆ ಅರಸರಲ್ಲಿ ಕಡೆಯವನು ಚಂಡಮೌಳಿ. ಚಂಡಮೌಳಿಯ ಕಾಕಾನ ಎರಡನೆಯ ಹೆಂಡತಿಯ ಮಗ ಮಾಂಡಲಿಕ ಮೇಘಕೇತು. ಗುಡ್ಡದ ಬುಡದಲ್ಲಿ ನಾಲ್ಕು ಹಳ್ಳಿ ಅವನಿಗೆ ಉಂಬಳಿ. ಅವನು ಸತ್ತರೆ ಹವಳವಾಗುವುದಿಲ್ಲ, ಬರೀ ಮಣ್ಣಾಗುತ್ತಾನೆ. ಆಟದಲ್ಲಿ ಅವನ ಕೆಲಸ ಅರಸನ ಹಿಂದೆ ಛತ್ರಿ ಹಿಡಿದು ನಿಲ್ಲುವುದು. ಅವನ ಮಾತು ಒಂದೇ: “ಅಪ್ಪಣೆ, ಪ್ರಭೂ.”

ಆ ಮೇಘಕೇತು ನಾನು.

ನಮ್ಮೂರಲ್ಲಿ ಆಟದ ಪಾತ್ರಗಳು ಹೊಲ ಇದ್ದ ಹಾಗೆ, ಮನೆತನದಿಂದ ಮನೆತನಕ್ಕೆ ಬರುತ್ತವೆ. ಅರಸನ ಪಾತ್ರ ಗೌಡರ ಮನೆಯದು. ಅಜ್ಜ ಮಾಡಿದ, ಅಪ್ಪ ಮಾಡಿದ, ಆಗ ಅಂದಾನಪ್ಪ ಗೌಡ ಮಾಡುತ್ತಿದ್ದ. ರಾಣಿಯ ಪಾತ್ರಕ್ಕೂ ಒಂದು ಮನೆ, ರಾಕ್ಷಸನ ಪಾತ್ರಕ್ಕೂ ಒಂದು ಮನೆ. ಮಾಂಡಲಿಕನ ಪಾತ್ರ ಮಾತ್ರ ಯಾರ ಮನೆಯದೂ ಅಲ್ಲ. ಊರ ಮುಂದೆ ದನ ಮೇಯುವ ಗಾಯರಾಣದ ಹಾಗೆ, ಬೇವಾರ್ಸಿ. ಅದಕ್ಕೇ ನನಗೆ ಸಿಕ್ಕಿತು.

ಅಂದಾನಪ್ಪ ಗೌಡನ ಬಗ್ಗೆ ಒಂದು ಮಾತು ಹೇಳಬೇಕು. ಅವನ ದನಿ ಕೆಸರಲ್ಲಿ ಸಿಕ್ಕ ಎಮ್ಮೆಕರುವಿನದು. ಅವನು ರಂಗದ ಮೇಲೆ ಕುಣಿದರೆ ಹುನಗುಂದದಲ್ಲಿ ಗೋಡೆಯ ಗಾರೆ ಉದುರುತ್ತಿತ್ತು. ಹಾಗಿದ್ದೂ ಅವನು ಅರಸ. ಏಕೆಂದರೆ ಸಾರಥಿ ಅವನನ್ನು ಕೇಳುತ್ತಿದ್ದ.

ದೊಡ್ಡಾಟದಲ್ಲಿ ಪಾತ್ರ ಹುಟ್ಟುವುದು ಬಣ್ಣ ಹಚ್ಚಿದಾಗಲ್ಲ, ಕಿರೀಟ ಕಟ್ಟಿದಾಗಲೂ ಅಲ್ಲ. ಪಾತ್ರ ರಂಗಕ್ಕೆ ಬಂದು ನಿಂತ ಮೇಲೆ ಸಾರಥಿ ಎದುರಿಗೆ ಬಂದು ಕೇಳಬೇಕು: “ತಾವು ದಾರು? ತಮ್ಮ ನಾಮಾಂಕಿತವೇನು? ತಾವು ದಾರ ಪುತ್ರರು?” ಆಗ ಅವನು ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ರಾಜ್ಯದ ಹೆಸರು ಹೇಳುತ್ತಾನೆ. ಅಲ್ಲಿಗೆ ಅವನು ಅರಸ. ಅಲ್ಲಿಯ ತನಕ ಬಣ್ಣ ಬಳಿದುಕೊಂಡ ಒಕ್ಕಲಿಗ, ಅಷ್ಟೇ. ಸಾರಥಿ ಯಾರನ್ನು ಮೊದಲನೆಯ ಸಲ ಹೀಗೆ ಕೇಳುತ್ತಾನೋ ಅವನ ಮನೆಯವರು ನೆರೆದವರಿಗೆ ಸಿಹಿ ಹಂಚುವುದು ನಮ್ಮೂರ ರೂಢಿ. ರಾಚಯ್ಯ ಮಾಸ್ತರರು ರಾಣಿಯನ್ನು ಕೇಳುತ್ತಿದ್ದರು. ವೈರಿಯನ್ನು ಕೇಳುತ್ತಿದ್ದರು, ರಾಕ್ಷಸನನ್ನೂ ಕೇಳುತ್ತಿದ್ದರು. ಒಂದು ವರ್ಷ ಜನ ನಗಲೆಂದು ಅರಸನ ಕುದುರೆಯನ್ನೂ ಕೇಳಿದರು. ಕುದುರೆಯ ತಲೆ ಹೊತ್ತ ಹುಡುಗ ತನ್ನ ಅಪ್ಪ ಕುದುರೆಯ ಹೆಸರು ಹೇಳಿದ. ಜನ ಸೀಟಿ ಹೊಡೆದರು.

ಹಿಂದೆ ಛತ್ರಿ ಹಿಡಿದು ನಿಂತವನನ್ನು ಯಾರೂ ಕೇಳಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿ. ಅಷ್ಟೊತ್ತಿಗೆ ಛತ್ರಿ ಹಿಡಿದು ಹಿಡಿದು ನನ್ನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು. ಒಂದು ಐತವಾರ ಮಧ್ಯಾಹ್ನ ಚಾವಡಿಯಲ್ಲಿ ತಾಲೀಮು ನಡೆದಿತ್ತು. ಅಂದಾನಪ್ಪ ಗೌಡ ತನ್ನ ವಂಶಾವಳಿಯ ನಟ್ಟನಡುವೆ ಅಜ್ಜನ ಹೆಸರು ಮರೆತು, ಬಾಯಿ ತೆರೆದು ನಿಂತ.

“ಪ್ರಚಂಡಮೌಳಿ,” ಅಂದೆ ಹಿಂದಿನಿಂದ.

“ಗೊತ್ತೈತಿ. ನೀ ಸುಮ್ನಿರಲೇ.”

ಮತ್ತೆರಡು ಹೆಜ್ಜೆಗೆ ಮುತ್ತಜ್ಜ ಹೋದ. ಅವನನ್ನೂ ನಾನೇ ಹಿಡಿದು ತಂದುಕೊಟ್ಟೆ. ಆಮೇಲೆ ನನಗೆ ತಡೆಯಲಾಗಲಿಲ್ಲ. ಹವಳಗಿರಿಯ ಅರಸರನ್ನು ಮೂಲಪುರುಷನಿಂದ ಚಂಡಮೌಳಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಆ ಉಸಿರು ಎಷ್ಟು ಉದ್ದ ಅಂದರೆ, ಅದು ಮುಗಿಯುವಷ್ಟರಲ್ಲಿ ಮದ್ದಳೆಯವನಿಗೆ ಒಂದು ನಿದ್ದೆಯಾಗಿತ್ತು. ಹೇಳಿ ಮುಗಿಸಿ ರಾಚಯ್ಯ ಮಾಸ್ತರರ ಮುಂದೆ ಹೋಗಿ ನಿಂತೆ.

“ಮಾಸ್ತರ್ರ, ಒಂದ ಮಾತು ಐತಿ.”

“ಏನೋ?”

“ಈ ಸಲ ಆಟದಾಗ ನನ್ನೂ ಒಮ್ಮೆ ಕೇಳ್ರಿ. ತಾವು ದಾರು ಅಂತ.”

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವರು ತಲೆ ಎತ್ತಿದರು. “ಮಾಂಡಲಿಕಗ ಮಾತು ಎಲ್ಲೈತೋ ಮಾರಾಯ? ನಮ್ಮಜ್ಜ ಕಟ್ಟೇ ಇಲ್ಲ.”

“ನಾ ಕಟ್ಟತೇನ್ರಿ.”

“ಏನಂತ ಕಟ್ಟತಿ?” ಅಂದವನು ಅಂದಾನಪ್ಪ ಗೌಡ. “ವಂಶಾವಳಿ ಹೇಳಾಕ ಮೊದಲ ಅಪ್ಪನ ಹೆಸರು ಬೇಕಲೇ ಮಗನ. ಅದನ್ನ ಯಾರ್ನ ಕೇಳಿ ಬರ್ತಿ? ನಿಮ್ಮವ್ವಗರ ನೆನಪೈತೇನು?”

ಚಾವಡಿ ನಕ್ಕಿತು. ತಾಳದವನು ನಕ್ಕ, ಮದ್ದಳೆಯವನು ನಕ್ಕ, ಕುದುರೆಯ ತಲೆ ಹೊರುವ ಹುಡುಗ ನಕ್ಕ. ರಾಚಯ್ಯ ಮಾಸ್ತರರೂ ನಕ್ಕರು. ಬಾಯಲ್ಲಿ ಎಲೆ ಇತ್ತು, ಅದಕ್ಕೆ ಸಣ್ಣದಾಗಿ. ಆದರೂ ನಕ್ಕರು.

ನನ್ನ ಅವ್ವನ ಹೆಸರು ಇಂದ್ರವ್ವ. ಸಣ್ಣಾಕಿ ಇದ್ದಾಗ ಅವಳಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದರು. ಬಿಟ್ಟ ಮೇಲೆ ಅವಳಿಗೆ ಗಂಡ ಅಂತ ಇಲ್ಲ, ನನಗೆ ಅಪ್ಪ ಅಂತ ಇಲ್ಲ. ಸಾಲಿಯಲ್ಲಿ ಹಾಜರಿ ಕೂಗುವಾಗ ಎಲ್ಲ ಹುಡುಗರ ಹಿಂದೆ ಅಪ್ಪನ ಹೆಸರು ಬರುತ್ತಿತ್ತು, ನನ್ನ ಹಿಂದೆ “ತಾಯಿ ಇಂದ್ರವ್ವ” ಅಂತ ಬರುತ್ತಿತ್ತು. ಆಗ ಹಿಂದಿನ ಸಾಲಿನಲ್ಲಿ ಕೂತು ಕೆಮ್ಮುತ್ತಿದ್ದವನೂ ಈ ಅಂದಾನಪ್ಪನೇ. ಊರಿನ ಗಂಡಸರು ನಮ್ಮ ಮನೆಯ ದಾರಿ ಕತ್ತಲಲ್ಲೂ ತಪ್ಪುತ್ತಿರಲಿಲ್ಲ, ಹಗಲಲ್ಲಿ ಮಾತ್ರ ಅವರಿಗೆ ಅದು ಕಾಣುತ್ತಿರಲಿಲ್ಲ. ಹೆಂಗಸರು ಬಾವಿಯಲ್ಲಿ ಅವ್ವನನ್ನು ಕಂಡರೆ ಸೆರಗು ಎಳೆದುಕೊಂಡು ಸರಿಯುತ್ತಿದ್ದರು. ಹೀಗಾಗಿ ಅವ್ವ ಯಾವ ಆಟಕ್ಕೂ ಬಂದವಳಲ್ಲ.

ಅವತ್ತು ನನಗೆ ಬಂದ ಸಿಟ್ಟಿಗೆ ಚಾವಡಿಯ ತೊಲೆ ಉದ್ದಕ್ಕೂ ಸೀಳಿತು. ಬೇಕಾದವರು ಹೋಗಿ ನೋಡಬಹುದು, ಸೀಳು ಈಗಲೂ ಇದೆ.

“ಗೆದ್ದಲ ಹಿಡದಿರಬೇಕು,” ಅಂದರು ಸುಭಾನಸಾಬರು.

“ಗೆದ್ದಲ ಅಲ್ಲರಿ ಸಾಬರ. ಸಿಟ್ಟು.”

“ಆತು ಬಿಡಪಾ, ಸಿಟ್ಟು. ಎಳಿ ಕಡದೀತು, ಸಾವಕಾಶ ಎಳಿ.”

ಚಾವಡಿಯಿಂದ ಎದ್ದು ಬಂದೆ. ಬರುವಾಗ ಅರಸನ ಛತ್ರಿ ಕೈಯಲ್ಲೇ ಉಳಿದಿತ್ತು. ಬಿಚ್ಚಿದ ಛತ್ರಿಯನ್ನು ಹಿಡಿದುಕೊಂಡೇ ಊರ ನಡುವಿನಿಂದ ನಡೆದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಛತ್ರಿ ಯಾಕ ತಂದ್ಯೋ? ಮಳಿ ಇಲ್ಲ, ಗೌಡ ಇಲ್ಲ.”

ಏನು ಹೇಳಬೇಕು? ನಕ್ಕರು ಅಂತ ಹೇಳಬೇಕೇ, ಯಾಕೆ ನಕ್ಕರು ಅಂತ ಹೇಳಬೇಕೇ? “ಯವ್ವಾ,” ಅಂದೆ, “ಈ ಸಲ ಮಾಸ್ತರ್ರು ನನ್ನ ಕೇಳ್ತಾರ.”

“ಏನಂತ?”

“ತಾವು ದಾರು, ದಾರ ಪುತ್ರರು ಅಂತ.”

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಹಂಚು ಹೊಗೆಯಾಡಿತು. ಆಮೇಲೆ, “ಹಂಗಾರ ಸಿಹಿ ಮಾಡಬೇಕಲ್ಲೋ,” ಅಂದಳು. ಮತ್ತೆ ಬಡಿಯತೊಡಗಿದಳು. ಸ್ವಲ್ಪ ಹೊತ್ತಿಗೆ, ನನ್ನ ಕಡೆ ನೋಡದೆ, “ನಾನೂ ಬರ್ತೇನಿ ಈ ಸಲ,” ಅಂದಳು.

ಅಲ್ಲಿಗೆ ನನ್ನ ಹಗ್ಗ ನಾನೇ ಹೆಣೆದುಕೊಂಡ ಹಾಗಾಯಿತು. ರಾಚಯ್ಯ ಮಾಸ್ತರರು ಕೇಳಲೇಬೇಕು. ಕೇಳದಿದ್ದರೆ ಜೀವಮಾನದಲ್ಲಿ ಮೊದಲ ಸಲ ಆಟಕ್ಕೆ ಬಂದ ಅವ್ವ, ಸೆರಗು ಎಳೆದುಕೊಳ್ಳುವ ಹೆಂಗಸರ ನಡುವೆ ಸಿಹಿಯ ಗಂಟು ಹಿಡಿದು ಕೂತು, ನಾನು “ಅಪ್ಪಣೆ, ಪ್ರಭೂ” ಅನ್ನುವುದನ್ನು ಕೇಳಿ ಎದ್ದು ಹೋಗಬೇಕು.

ಆಗ ನಾನು ವಾರವೆಲ್ಲ ಬಾದಾಮಿಯಲ್ಲಿ ಕಲ್ಲು ಹೊರುವ ಕೂಲಿಗೆ ಹೋಗುತ್ತಿದ್ದೆ. ಉಣ್ಣುವ ಹೊತ್ತಿನಲ್ಲಿ ಗುಡ್ಡ ಹತ್ತಿ, ಮಂಗಗಳ ಮುಂದೆ ನಿಂತು ಮೇಘಕೇತುವಿಗೆ ವಂಶ ಕಟ್ಟಿದೆ. ಅಪ್ಪನ ಹೆಸರು ಬೇಕಲ್ಲ? ಒಬ್ಬನಲ್ಲ, ಸಾಲುಗಟ್ಟಲೆ ಅಪ್ಪಂದಿರನ್ನು ಹುಟ್ಟಿಸಿದೆ. ಒಬ್ಬೊಬ್ಬನೂ ಒಂದೊಂದು ಗುಡ್ಡ. ನನ್ನ ದನಿಗೆ ಕೆಂಪು ಬಂಡೆ ಓಗೊಡುತ್ತಿತ್ತು. ಒಮ್ಮೆಯಂತೂ ಬಂಡೆಯೇ ನನಗಿಂತ ಮೊದಲು ಹೇಳಿ, ನಾನು ಓಗೊಟ್ಟೆ. ಒಂದು ಮುದಿ ಗಡವ ಮಂಗ ನನ್ನ ರೊಟ್ಟಿ ಕಸಿದುಕೊಂಡು, ಕಥೆ ಚೆನ್ನಾಗಿದೆ ಅಂತ ಅರ್ಧ ವಾಪಸು ಕೊಟ್ಟಿತು.

ಊರಿಗೆ ಬಂದಾಗ ಅವ್ವನ ಮುಂದೆ ಹೇಳುತ್ತಿದ್ದೆ. ಅವಳಿಗೆ ಬಾಯಿಪಾಠವಾಗಿಹೋಯಿತು. ನಾನು ತಪ್ಪಿದರೆ ಒಲೆಯ ಮುಂದಿನಿಂದಲೇ, “ಘನಮೇಘ ಆದಮ್ಯಾಲೆ ಮಹಾಮೇಘ ಅಲ್ಲನೋ? ಮಗನ್ನ ಬಿಟ್ಟು ಮೊಮ್ಮಗನ್ನ ಹಡದಿ ನೋಡು,” ಅನ್ನುತ್ತಿದ್ದಳು.

ಆಟ ಬಂತು. ರಾತ್ರಿಯೆಲ್ಲ ಛತ್ರಿ ಹಿಡಿದು ನಿಂತೆ. ರಾಣಿಯನ್ನು ಕೇಳಿದರು, ವೈರಿಯನ್ನು ಕೇಳಿದರು, ರಾಕ್ಷಸನನ್ನು ಕೇಳಿದರು. ನನ್ನನ್ನು ದಾಟಿಕೊಂಡು ಹೋಗಿ ಕೇಳಿದರು. ಮೂಡಣ ಕೆಂಪಾಯಿತು. ಹೆಂಗಸರ ಕಡೆಯ ಕೊನೆಯಲ್ಲಿ, ಎಲ್ಲರಿಂದ ಒಂದು ಮಾರು ದೂರ, ಗಂಟು ತೊಡೆಯ ಮೇಲಿಟ್ಟುಕೊಂಡು ಅವ್ವ ಕೂತದ್ದು ಕಂಡಿತು. ನನ್ನೊಳಗೆ ಒಂದು ಎಳೆ ಕಡಿಯಿತು.

ಮುಂದಿನದನ್ನು ನಾನು ಹೇಳುವಾಗ ಮಗ್ಗದ ಮನೆಯಲ್ಲಿ ಎಲ್ಲರ ಲಾಳಿ ನಿಲ್ಲುತ್ತದೆ. ಅವತ್ತೂ ನಿಂತಿತು.

“ಛತ್ರಿ ಕಾಲಾಗ ಮುರದು ಒಗದೆ,” ಅಂದೆ. “ಅಂದಾನಪ್ಪ ಗೌಡನ್ನ ಎದಿಗೆ ಒದ್ದೆ. ಅವಾ ಉಳ್ಳಿಕೋತ ಹೋಗಿ ಮುಖವೀಣಿಯವನ ತೊಡಿಮ್ಯಾಲ ಬಿದ್ದು ‘ಯವ್ವಾ’ ಅಂದ. ಕಟಗಿ ಕತ್ತಿ ಹಿರದೆ, ಒಂದ ಏಟಿಗೆ ಮಂಟಪದ ಕಂಬ ಎರಡ ತುಂಡು. ಹಂಗ ಹೋಗಿ ಕತ್ತಿ ರಾಚಯ್ಯನ ಕುತಗಿಗೆ ಇಟ್ಟೆ. ‘ಕೇಳು,’ ಅಂದೆ. ‘ಕುದರಿನ ಕೇಳಿದ ಬಾಯಿಲೆ ನನ್ನ ಕೇಳು.’ ಅವಾ ಗಡಗಡ ನಡುಗಿಕೋತ, ‘ತಾ… ತಾವು ದಾರು?’ ಅಂದ. ಆಗ ಸೂರ್ಯ ನಿಂತ್ನೋಡ್ರಿ.”

ಕುಣಿಯಲ್ಲೇ ಎದ್ದು ನಿಂತೆ. ನಿಂತರೂ ನಾನು ನೆಲದ ಮೇಲೆ ಕಾಣುವುದು ಸೊಂಟದಿಂದ ಮೇಲಕ್ಕೆ. ಕೈಯೆತ್ತಿ ಹೇಳಿದೆ:

“ಎಲೈ ಸಾರಥೀ, ಕೇಳುವಂಥವನಾಗು! ಸಿಟ್ಟಿಗೆದ್ದ ಮೋಡವು ಹವಳಗಿರಿಗೆ ಹಾಯ್ದಾಗ ಎದ್ದ ಕಿಡಿಯಲ್ಲಿ ಹುಟ್ಟಿದವನೇ ನಮ್ಮ ಮೂಲಪುರುಷ ವಜ್ರಮೇಘ. ಅವನ ಪುತ್ರ ಘನಮೇಘ, ಬಾಯಾರಿದಾಗ ಹೊಳೆಯನ್ನು ಮಡಿಸಿ ಕುಡಿದು, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಂಡವ. ಅವನ ಪುತ್ರ ಮಹಾಮೇಘ, ಎರಡು ಚಂದ್ರರನ್ನು ಕಿವಿಗೆ ಇಟ್ಟುಕೊಂಡು ಹಗಲನ್ನು ಹುಡುಕಲು ಹೋದವ. ಅವನ ಪುತ್ರ…”

“ದುರ್ಗಪ್ಪ.”

ಬಾಗಿಲಲ್ಲಿ ಒಬ್ಬ ಮುದುಕ ಬಡಿಗೆ ಊರಿ ನಿಂತಿದ್ದ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಕಾವಿ ವಲ್ಲಿ. ಬೆಳಕು ಬೆನ್ನ ಹಿಂದಿತ್ತು, ಮುಖ ಕಾಣಲಿಲ್ಲ. ದನಿ ಕೇಳಿದ ಕೂಡಲೆ ನನ್ನ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು.

“ಮೊಮ್ಮಗಳ ಲಗ್ನ ಐತಿ, ಒಂದ ಸೀರಿ ಬೇಕಾಗಿತ್ತು,” ಅಂದರು ರಾಚಯ್ಯ ಮಾಸ್ತರರು ಸುಭಾನಸಾಬರಿಗೆ. ಆಮೇಲೆ ನನಗೆ: “ಕತ್ತಿ ಕುತಗಿಗೆ ಎಡಕ್ಕ ಇಟ್ಟಿದ್ಯೋ, ಬಲಕ್ಕ ಇಟ್ಟಿದ್ಯೋ? ನನಗ ನೆನಪಿಲ್ಲ. ಅದಕ್ಕ ಕೇಳಿದೆ.”

ಯಾರೂ ನಗಲಿಲ್ಲ.

“ಕೂಡ್ರಿ ಅಜ್ಜಾರ,” ಅಂದರು ಸುಭಾನಸಾಬರು, ಚಾಪೆ ಎಳೆದು.

“ಕೂಡಾಂಗಿಲ್ಲ. ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ಒಬ್ಬವ, ಇಲ್ಲೆ ಪ್ಯಾಟಿಯೊಳಗ ಒಬ್ಬವ, ಇಬ್ಬರೂ ನನ್ನ ಹೆಸರು ಕೇಳಿ ‘ಓ, ಕತ್ತಿಗಿ ಅಂಜಿ ನಡಗಿದ ಸಾರಥಿ ನೀವ ಏನ್ರಿ?’ ಅಂದ್ರು. ಯಾರಪ್ಪಾ ಹಿಂಗ ನನ್ನ ಮೆರಸವಾ ಅಂತ ನೋಡಾಕ ಬಂದೆ.” ಅವರ ಬಡಿಗೆ ನೆಲಕ್ಕೆ ಬಡಿಯಿತು. “ವರ್ಷಗಟ್ಟಲೆ ಇದನ್ನ ನೇದಿಯೇನು?”

ನನಗೂ ಸಿಟ್ಟು ಬಂತು. ಸಿಟ್ಟು ನನಗೆ ಕಷ್ಟಕಾಲಕ್ಕೆ ಬರುವ ನೆಂಟ. “ನಕ್ಕಿರಿಲ್ಲೋ ನೀವು?” ಅಂದೆ. “ಚಾವಡಿಯೊಳಗ, ಅವಾ ನಮ್ಮವ್ವಗ ಹಂಗ ಅಂದಾಗ. ಬಾಯಾಗ ಎಲಿ ಇಟಗೊಂಡು ನಕ್ಕಿರಿಲ್ಲೋ?”

“ನಕ್ಕೇನಿ.”

ಅವರು ಇಲ್ಲ ಅಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

“ನಕ್ಕೇನಿ,” ಅಂದರು ಮತ್ತೆ. “ಮನಿಗೆ ಹೋಗಿ ಉಂಡ ಅನ್ನ ಕರಗಲಿಲ್ಲ. ನಮ್ಮಜ್ಜ ಕಟ್ಟದ ಇದ್ರ ಏನಾತು, ನಾ ಕೇಳ್ತೇನಿ ಅಂತ ಆಟದ ದಿನ ನಿನ್ನ ಮುಂದ ಬಂದು ನಿಂತೆ. ನಿನ್ನ ಮುಂದಕ್ಕ ಕರದವ ನಾನ. ನಿನ್ನ ಕೈಯಾನ ಛತ್ರಿ ಇಸಗೊಂಡು ಯಾರ ಕೈಯಾಗ ಕೊಟ್ಟೆ? ಹೇಳು ಇವರಿಗೆ.”

ನಾನು ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ.

“ಗೌಡರ ಕೈಯಾಗ ಕೊಟ್ಟೆ. ‘ಹಿಡೀರಿ, ಮಾಂಡಲಿಕರು ಮಾತಾಡ್ತಾರ,’ ಅಂದೆ. ಅವರು ನುಂಗೂ ಹಂಗ ನೋಡಿದ್ರು, ಆದ್ರ ಹಿಡದ್ರು. ಆಮ್ಯಾಲೆ ನಿನ್ನ ಕೇಳಿದೆ. ಒಮ್ಮೆ ಅಲ್ಲ, ಎರಡ ಸಲ.” ಅವರು ಒಳಗೆ ಬಂದು ನನ್ನ ಕುಣಿಯ ಅಂಚಿಗೆ ನಿಂತರು. ನನ್ನ ಕಣ್ಣಿಗೆ ನೇರ ಅವರ ಬಡಿಗೆಯ ಹಿಡಿಕೆ. “ಸೂರ್ಯ ನಿಂತ್ನೋ ಇಲ್ಲೋ, ಅದು ನಿನಗೂ ಅವಗೂ ಬಿಟ್ಟದ್ದು. ನೀ ಏನ್ ಹೇಳ್ದಿ? ಅದನ್ನ ಹೇಳು.”

ನಾನು ಸುಭಾನಸಾಬರ ಕಡೆ ನೋಡಿದೆ. ಅವರು ನೂಲಿನ ಲಡಿ ಕೆಳಗಿಟ್ಟು ಕೂತಿದ್ದರು.

“ಇಲ್ಲಂದ್ರ ಮೂರನೇ ಸಲ ಕೇಳ್ತೇನಿ,” ಅಂದರು ರಾಚಯ್ಯ ಮಾಸ್ತರರು. ಆ ಮುದಿ ದನಿ ಒಮ್ಮೆಲೇ ಆಟದ ದನಿಯಾಯಿತು. “ತಾವು ದಾರು? ತಮ್ಮ ನಾಮಾಂಕಿತವೇನು? ತಾವು ದಾರ ಪುತ್ರರು?”

ಲಾಳಿ ಮುರಿಯಲಿ ಅಂದಿದ್ದೆನಲ್ಲ. ಅದು ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟೆ.

ಸೂರ್ಯ ನಿಲ್ಲಲಿಲ್ಲ. ದಿನಾ ಮೂಡುವ ಹಾಗೆ ಮೂಡಿದ. ಕಂಬ ಮುರಿಯಲಿಲ್ಲ, ಯಾರನ್ನೂ ಒದೆಯಲಿಲ್ಲ, ಕತ್ತಿಗೆ ಕೈ ಹಚ್ಚಲಿಲ್ಲ. ರಾಚಯ್ಯ ಮಾಸ್ತರರು ತಾವಾಗಿಯೇ ಬಂದು ಕೇಳಿದರು. ಅಂದಾನಪ್ಪ ಗೌಡ ತನ್ನ ಛತ್ರಿ ತಾನೇ ಹಿಡಿದು ನಿಂತಿದ್ದ. ನಾನು ಮುಂದೆ ಬಂದೆ. ಬಿಸಿಲು ಬಿದ್ದು ಹೆಂಗಸರ ಕಡೆ ಎಲ್ಲ ಮುಖ ಕಾಣುತ್ತಿತ್ತು. ಅವ್ವ ಸಿಹಿಯ ಗಂಟು ಸಡಿಲ ಮಾಡುತ್ತಿದ್ದಳು. ಅವಳ ತುಟಿ ಆಗಲೇ ‘ವಜ್ರಮೇಘ’ ಅನ್ನುತ್ತಿತ್ತು. ನನಗಿಂತ ಮೊದಲು.

ಆಗ ನನಗೆ ತಿಳಿಯಿತು. ಅಷ್ಟು ಮಂದಿ ಮೇಘಗಳನ್ನು ಹುಟ್ಟಿಸಿದ್ದೆ, ಅದರಲ್ಲಿ ಒಬ್ಬ ಹೆಣ್ಣುಮಗಳಿರಲಿಲ್ಲ. ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ಅದನ್ನೇ ಅವಳು ಒಲೆಯ ಮುಂದೆ ಕೂತು ಬಾಯಿಪಾಠ ಮಾಡಿ ನನ್ನ ತಪ್ಪು ತಿದ್ದಿದ್ದಳು. ಅದನ್ನು ಹೇಳಿದರೆ ಅವಳಿಲ್ಲ. ಅವಳ ಹೆಸರು ಹೇಳಿದರೆ, ಪಕ್ಕದಲ್ಲಿ ಛತ್ರಿ ಹಿಡಿದು ನಿಂತವನ ಗಂಟಲಲ್ಲಿ ನಗೆ ತಯಾರಿತ್ತು, ಸಾಲಿಯ ಕೆಮ್ಮಿನ ಹಾಗೆ. ಮಾಸ್ತರರು ಎರಡನೆಯ ಸಲ ಕೇಳಿದರು.

“ನಾ ಯಾರೂ ಅಲ್ಲರಿ,” ಅಂದೆ.

ಇಷ್ಟೇ. ಅದೂ ಸಣ್ಣ ದನಿಯಲ್ಲಿ. ಜನ ಇದು ಮಜಾ ಮಾಡಲಿಕ್ಕೆ ಹಾಕಿದ ಮಾತು ಅಂದುಕೊಂಡು ಬಿದ್ದು ಬಿದ್ದು ನಕ್ಕರು, ಸೀಟಿ ಹೊಡೆದರು. ಅಂದಾನಪ್ಪ ಗೌಡ ಎಲ್ಲರಿಗಿಂತ ಜೋರಾಗಿ ನಕ್ಕ. ರಾಚಯ್ಯ ಮಾಸ್ತರರೊಬ್ಬರೇ ನಗಲಿಲ್ಲ. ಅವ್ವ ಸಡಿಲ ಮಾಡಿದ ಗಂಟನ್ನು ಮತ್ತೆ ಬಿಗಿದಳು. ಎದ್ದು, ಸೀರೆಗೆ ಹತ್ತಿದ ಮಣ್ಣು ಝಾಡಿಸಿಕೊಂಡು, ಹೊಳೆಯ ದಾರಿ ಹಿಡಿದು ಮನೆಗೆ ಹೋದಳು.

ನಾನು ಬಣ್ಣ ತೊಳೆದುಕೊಂಡು ಹೋದಾಗ ಗಂಟು ಒಲೆಯ ಪಕ್ಕ ಬಿಚ್ಚದೇ ಇತ್ತು. “ಹಸದಿರ್ತಿ, ಉಣ್ಣು,” ಅಂದಳು. ಆಟದ ಬಗ್ಗೆ ಒಂದು ಮಾತು ಅವತ್ತೂ ಆಡಲಿಲ್ಲ, ಸಾಯುವ ತನಕವೂ ಆಡಲಿಲ್ಲ. ಬೈದಿದ್ದರೆ ನಾನೂ ಎದುರು ಬೈದು ಹಗುರಾಗುತ್ತಿದ್ದೆ. ಅವಳು ಬೈಯದೆ ಹೋದಳು. ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದೆ ಗೌಡನ ಮೇಲೆ ಇಟ್ಟೆ, ಮಾಸ್ತರರ ಮೇಲೆ ಇಟ್ಟೆ, ಇಳಕಲ್ಲಿಗೆ ಬಂದು ಮಗ್ಗದ ಮೇಲೆ ಇಟ್ಟೆ.

ಇದೆಲ್ಲವನ್ನೂ ಕುಣಿಯಲ್ಲಿ ನಿಂತೇ ಹೇಳಿದೆ. ಮುಗಿದ ಮೇಲೆ ರಾಚಯ್ಯ ಮಾಸ್ತರರು, “ಇನ್ನೂ ಉತ್ತರ ಬಂದಿಲ್ಲ,” ಅಂದರು.

“ದುರ್ಗಪ್ಪ,” ಅಂದೆ. “ಇಂದ್ರವ್ವನ ಮಗ.”

ಅವರು ತಲೆಯಾಡಿಸಿ, ಸೀರೆ ನೋಡಲು ಒಳಗೆ ಹೋದರು.

“ಆ ಗಂಟಿನ್ಯಾಗ ಏನಿತ್ತಪಾ?” ಸುಭಾನಸಾಬರು ಮೆಲ್ಲಗೆ ಕೇಳಿದರು.

“ಶೇಂಗಾ ಹೋಳಿಗಿ.”

“ಏನ್ ಮಾಡಿದ್ಯೋ ಅದನ್ನ?”

ಬಾಯಿಗೆ ಒಂದು ಸುಳ್ಳು ಬಂದಿತ್ತು. ಹೊಳೆಗೆ ಬಿಟ್ಟೆ, ಮೀನುಗಳು ಕೈಮುಗಿದು ತಿಂದವು, ಅಂತ.

“ನಾನ ತಿಂದೆ,” ಅಂದೆ. “ಅಷ್ಟೂ. ಭಾಳ ಚಲೋ ಆಗಿದ್ದುವು.”